ಎಣ್ಣಿ ಪೈಪು

ಚಿಕ್ಕೇರೂರಿನ ನಮ್ಮ ಮನೆಯಲ್ಲಿ ಎತ್ತು ಕಟ್ಟುತ್ತಿದ್ದ ಜಾಗದಲ್ಲಿ ಈಗ ಎರಡೇ ಸೀಟಿನ ಮುದಿ ಸ್ಪೋರ್ಟ್ಸ್ ಕಾರೊಂದು ನಿಂತಿದೆ. ಹುಚ್ಚು ಅಪ್ಪನದು, ರಿಪೇರಿ ಮಗಳಾದ ನನ್ನದು. ಅದರಲ್ಲಿ ಅವ್ವನನ್ನು ತಿಳವಳ್ಳಿಯ ತವರಿಗೆ ಕರೆದೊಯ್ಯಬೇಕೆಂಬುದು ಅಪ್ಪನ ಆಸೆ. ಅವ್ವನಿಗೋ ಪೆಟ್ರೋಲ್ ವಾಸನೆಗೆ ಹೊಟ್ಟೆ ತೊಳಸುತ್ತದೆ. "ಇನ್ನೊಮ್ಮಿ ವಾಸನಿ ಬಂತಂದ್ರ ಈ ಗಾಡಿ ಹತ್ತಂಗಿಲ್ಲ ನಾ," ಎಂದು ಹೇಳಿಯಾಗಿತ್ತು.

ವಾಸನೆ ಬರುತ್ತಿದ್ದದ್ದು ಹಳೆಯ ಪೈಪಿನಿಂದ. ಈ ಕಾರಿಗೆ ಎರಡು ಕಾರ್ಬುರೇಟರ್. ಪಂಪಿನಿಂದ ಬಂದ ಒಂದು ಪೈಪು ಕವಲೊಡೆದು ಎರಡಕ್ಕೂ ಪೆಟ್ರೋಲ್ ಮುಟ್ಟಿಸಬೇಕು. ಎಲ್ಲಿ ಜಿನುಗಿದರೂ ಮುಗಿಯಿತು. ಹಿರೇಕೆರೂರಿಗೆ ಹೊರಟಿದ್ದ ಅಪ್ಪನಿಗೆ ಬಿಡಿಸಿ ಹೇಳಿದ್ದೆ: ಕಾರಿನ ಪೆಟ್ರೋಲ್ ಪೈಪು, ಇಷ್ಟು ದಪ್ಪ. ಅಂಗಡಿಯಲ್ಲಿ ಇವನು "ಎಣ್ಣಿ ಪೈಪ್ ಕೊಡ್ರಿ" ಅಂದಿದ್ದಾನೆ. ನಮ್ಮ ಕಡೆ ಪೆಟ್ರೋಲೂ ಎಣ್ಣಿಯೇ, ಗೋವಿನಜೋಳಕ್ಕೆ ಹೊಡೆಯುವ ಔಷಧವೂ ಎಣ್ಣಿಯೇ. ಅಂಗಡಿಯವನು ಔಷಧ ಹೊಡೆಯುವ ಪಂಪಿನ ಹಳದಿ ಪೈಪು ಸುತ್ತಿ ಕೊಟ್ಟಿದ್ದಾನೆ. ನಾನು ಊರಲ್ಲಿರದಾಗ ಅಪ್ಪನೇ ಅದನ್ನು ಜೋಡಿಸಿ, ಕ್ಲಿಪ್ ಬಿಗಿದು, ಮೇಲೆ ವಿಭೂತಿ ಬೇರೆ ಹಚ್ಚಿದ್ದ.

ಪೆಟ್ರೋಲಿಗೆ ಆ ಪೈಪು ತಡೆದೀತೇ? ಅದು ಗಟ್ಟಿಯಾಗಿ ತುದಿಗಳು ಸೀಳಿ, ಕೊಟ್ಟಿಗೆಯೆಲ್ಲ ನಾತ. ನನಗೆ ಮೈಯೆಲ್ಲ ಉರಿಯಿತು. "ಎಲ್ಲಾದಕ್ಕೂ ಎಣ್ಣಿ ಅಂತಿಯಲ್ಲಪ್ಪಾ, ಪೆಟ್ರೋಲಿಗೆ ಪೆಟ್ರೋಲ್ ಅನ್ನಾಕ ಏನ ಧಾಡಿ ನಿನಗ?"

"ಎಲ್ಲಾರೂ ಹಂಗ ಅಂತಾರ ಮಗಳ," ಎಂದ ಅಪ್ಪ.

ಹುಬ್ಬಳ್ಳಿಯಿಂದ ಸರಿಯಾದ ಪೈಪು ತಂದು, ಇಂಜಿನ್ನಿನ ಬಿಸಿ ತಾಗದಂತೆ ಹಾಯಿಸಿ, ನಾನೇ ಬಿಗಿದೆ. ಹೊರಡುವ ಬೆಳಿಗ್ಗೆ ಅವ್ವ ಬಗ್ಗಿ ಮೂಸಿ ನೋಡಿ ಒಪ್ಪಿದಳು. ಇಷ್ಟು ಒದ್ದಾಡಿದ ನನಗೆ ಮಾತ್ರ ಸೀಟಿಲ್ಲ, ಹಿಂದಿನಿಂದ ಬಸ್ಸಿಗೆ ಬರಬೇಕು. "ಎಣ್ಣಿ ಹಾಕೀ ಇಲ್ಲೊ ಅಪ್ಪಾ?" ಎಂದು ಅವಸರದಲ್ಲಿ ಕೇಳಿದೆ. "ಹಾಕೇನಿ," ಎಂದ.

ತಿಳವಳ್ಳಿ ಇನ್ನೂ ದೂರವಿರುವಾಗಲೇ ಕಾರು ರಸ್ತೆ ಪಕ್ಕದಲ್ಲಿ ನಿಂತಿದ್ದು ಬಸ್ಸಿನಿಂದ ಕಂಡಿತು. ನಿಲ್ಲಿಸಿ ಇಳಿದು ಓಡಿದೆ. ನನ್ನ ಪೈಪಿನಲ್ಲಿ ಒಂದು ಹನಿ ಸೋರಿರಲಿಲ್ಲ. ಟ್ಯಾಂಕಿನಲ್ಲೂ ಒಂದು ಹನಿ ಇರಲಿಲ್ಲ.

"ಎಣ್ಣಿ ಹಾಕೇನಿ ಅಂದಿದ್ದಿಯಲ್ಲಪ್ಪಾ?"

"ಹಾಕೇನಲ್ಲ, ಇಂಜಿನ್ ಎಣ್ಣಿ. ಪೆಟ್ರೋಲಿಗೆ ಪೆಟ್ರೋಲ್ ಅನ್ನಬೇಕಂತ ನೀನ ಹೇಳಿದ್ದಿ."

ನಾನು ಅವ್ವನ ಕಡೆಯ ಬಾಗಿಲು ತೆಗೆದೆ. "ಇಳಿಯವ್ವಾ, ಬಸ್ ಕಾಯಾಕತ್ತೈತಿ," ಎಂದೆ. ಅವ್ವ ಸೆರಗು ಸರಿಮಾಡಿಕೊಂಡು ಸೀಟಿಗೆ ಇನ್ನಷ್ಟು ಒರಗಿದಳು.

"ಈ ಸಲ ಒಂಚೂರೂ ವಾಸನಿಲ್ಲ. ನಾ ಇದರಾಗ ಹೋಗಾಕಿ. ನೀ ಬಸ್ ಹತ್ತಿ ಎಣ್ಣಿ ತಗೊಂಡ ಬಾ."

ಯಾವ ಎಣ್ಣಿ ಎಂದು ಕೇಳುವಷ್ಟು ಸಿಟ್ಟು ಬಂದಿತ್ತು. ನುಂಗಿಕೊಂಡು ಬಸ್ಸು ಹತ್ತಿದೆ.