ಬಿಡ್ತು ಅನ್ನು

ನಮ್ಮ ಕೆಲಮಂಗಲದ ಕಡೆ ಮೈಯೊಳಗೆ ದಾರದ ಹಾಗಿರುವುದೆಲ್ಲ ನರವೇ. ರಕ್ತ ಹರಿಯುವುದೂ ನರ, ಕಾಲು ಉಳುಕಿದರೆ ಹಿಡಿದುಕೊಳ್ಳುವುದೂ ನರ. ತಮಿಳಿನವರೂ ಎರಡಕ್ಕೂ ನರಂಬು ಅಂದುಬಿಡುತ್ತಾರೆ. ಈ ಒಂದು ಮಾತಿನಿಂದ ನಾನು ಅಪ್ಪನನ್ನು ಹಾಳುಮಾಡಿದೆ.

ಎಂಬತ್ತರ ದಶಕದ ಶುರು. ನಾನು ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕಂಪ್ರೆಸರ್ ನೋಡಿಕೊಳ್ಳುತ್ತಿದ್ದೆ. ಅಪ್ಪನ ಬಲಗೈಯಿಂದ ಆಗಾಗ ಲೋಟ ಜಾರತೊಡಗಿತು. ಐದು ನಿಮಿಷ ಮಾತು ತೊದಲಿ ಮತ್ತೆ ಸರಿಹೋಗುತ್ತಿತ್ತು. “ಒಂದಿನ ಇಂಗೇ ಬಿದ್ದೋಯ್ತೀನಿ,” ಅನ್ನುತ್ತಿದ್ದ. “ಬಿಡ್ತು ಅನ್ನು,” ಅಂತ ಅವ್ವ ಒಲೆ ಮುಂದಿನಿಂದಲೇ ಗದರುತ್ತಿದ್ದಳು. ಕೆಟ್ಟ ಮಾತಿಗೆ ಅವಳಲ್ಲಿದ್ದ ಮದ್ದು ಅದೊಂದೇ. ಅಪ್ಪ ನಗುತ್ತಾ “ಬಿಡ್ತು” ಅನ್ನುತ್ತಿದ್ದ.

ಬೆಂಗಳೂರಿನ ಡಾಕ್ಟರು ಅಪ್ಪನ ಕತ್ತಿನ ಎಡಗಡೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನನ್ನ ಕಿವಿಗೂ ಕೊಟ್ಟರು. ಸುಯ್, ಸುಯ್. ಆ ಸದ್ದು ನನಗೆ ಹೊಸದಲ್ಲ, ಗಾಳಿಯ ಪೈಪು ಕಿರಿದಾದ ಕಡೆ ಹಾಗೇ ಅನ್ನುತ್ತದೆ. ಮಿದುಳಿಗೆ ಹೋಗುವ ರಕ್ತನಾಳ ಕಿರಿದಾಗಿದೆ, ಬಣ್ಣ ಚುಚ್ಚಿ ಎಕ್ಸ್-ರೇ ತೆಗೆದು ರಕ್ತ ಎಷ್ಟು ಹರಿಯುತ್ತಿದೆ ನೋಡಬೇಕು, ಆಪರೇಷನ್ ಮಾತು ಆಮೇಲೆ ಅಂದರು. ಮಾತ್ರೆ ಕೊಟ್ಟು, ಎರಡು ವಾರ ಬಿಟ್ಟು ಬರಲು ಹೇಳಿದರು.

ಮನೆಗೆ ಬಂದು ನಾನು ಜಾಣನ ಹಾಗೆ, “ಕತ್ತಿನ ನರ ಹಿಡ್ಕೊಂಡದಂತೆ” ಅಂದೆ.

“ನರಾನಾ?” ಅಂದ ಅಪ್ಪ. “ಅದಕ್ಯಾಕ್ಲಾ ಆಪರೇಸನ್ನು? ನೀವಿದ್ರೆ ಬಿಡ್ತದೆ.”

ಅವ್ವ ಹರಳೆಣ್ಣೆ ಬೆಚ್ಚಗೆ ಮಾಡಿ ಕೊಟ್ಟಳು. ದಿನಾ ಬೆಳಿಗ್ಗೆ ಅಪ್ಪನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೀವಿದೆ. ನೀವಿಯಾದ ಮೇಲೆ ಕತ್ತಿಗೆ ಕಿವಿಯಿಟ್ಟರೆ ಸಣ್ಣಗೆ ಸುಯ್ ಅನ್ನುವುದು ಬರಿಗಿವಿಗೇ ಕೇಳುತ್ತಿತ್ತು. ಆರನೆಯ ದಿನ ಕೇಳಲಿಲ್ಲ.

“ಬಿಡ್ತು ಕಣಪ್ಪ,” ಅಂದೆ. ಅಷ್ಟು ಖುಷಿ ನನಗೆ ಮತ್ತೆಂದೂ ಆಗಿಲ್ಲ.

“ಬಿಡ್ತು,” ಅಂದ ಅಪ್ಪ. ಬಾಯಿಯ ಒಂದು ಕಡೆ ಮಾತ್ರ ನಕ್ಕಿತು. ಹಾಗೇ ಬಲಕ್ಕೆ ವಾಲಿದ.

ಅದೇ ಡಾಕ್ಟರು ಅದೇ ಜಾಗಕ್ಕೆ ಸ್ಟೆತಾಸ್ಕೋಪ್ ಇಟ್ಟರು. “ಸದ್ದಿಲ್ಲ,” ಅಂದರು.

“ಅದು ಒಳ್ಳೇದಲ್ವಾ ಸಾರ್?”

“ಹರಿಯೋದು ಏನಾದ್ರೂ ಇದ್ರೆ ತಾನೇ ಸದ್ದು? ಪೂರ್ತಿ ಮುಚ್ಚಿಹೋಗಿದೆ. ಇನ್ನು ಆಪರೇಷನ್ ಮಾಡಿ ಪ್ರಯೋಜನ ಇಲ್ಲ.” ಆಮೇಲೆ ತಮ್ಮ ಬೆರಳಿಗಂಟಿದ ಎಣ್ಣೆ ನೋಡಿ, “ನೀವಿದ್ರಾ?” ಅಂತ ಕೇಳಿದರು. ನಾನು ತಲೆಯಾಡಿಸಿದೆ. ಅವರು ಕೈ ಒರೆಸಿಕೊಂಡರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ವಾಲ್ವು ಮುಚ್ಚಿದರೂ ಪೈಪು ಸುಮ್ಮನಾಗುತ್ತದೆ, ಕಂಪ್ರೆಸರ್ ನೋಡುವವನಿಗೆ ಅಷ್ಟು ಹೊಳೆಯಬೇಕಿತ್ತು.

ಅಪ್ಪ ಮೂರು ವರ್ಷ ಮಲಗಿದ್ದ. ಕನ್ನಡ, ತೆಲುಗು, ತಮಿಳು ಮೂರರಲ್ಲೂ ರಾಯಕೋಟೆ ಸಂತೆಯಲ್ಲಿ ಜಗಳವಾಡಿ ಗೆದ್ದು ಬರುತ್ತಿದ್ದವನಿಗೆ ಉಳಿದದ್ದು ಒಂದೇ ಮಾತು. ನೀರು ಬೇಕಾದರೂ “ಬಿಡ್ತು”, ಹಸಿವಾದರೂ “ಬಿಡ್ತು”. ಅವ್ವ ಯಾರಿಗೂ “ಬಿಡ್ತು ಅನ್ನು” ಅನ್ನುವುದನ್ನು ನಿಲ್ಲಿಸಿಬಿಟ್ಟಳು. ನಾನು ಕೆಲಸದಿಂದ ಬಂದು ಪಕ್ಕದಲ್ಲಿ ಕೂತರೆ ಅಪ್ಪ ನನ್ನ ಮುಖ ನೋಡಿ ಅದನ್ನೇ ಹೇಳುತ್ತಿದ್ದ. ಅದು ನಾನೇ ಅವನ ಬಾಯಿಗಿಟ್ಟ ಮಾತು.