ಅಕ್ಷರದ ಬಂಡೆಯ ನೀರು

ನಾನೂ ನನ್ನ ನಾದಿನಿಯೂ ಹಿಮಾಲಯಕ್ಕೆ ಹೋದಾಗ ನನಗೆ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು. ಮೊನ್ನೆ ಸಂಜೆ ಕೊಂಡ್ಲಹಳ್ಳಿಯಿಂದ ಪಾಲಮ್ಮ ಫೋನು ಮಾಡಿ, "ಅತ್ತೆ, ಎರಡು ಕುರಿ ಮೇವು ಬಿಟ್ಟವೆ. ಅಕ್ಷರದ ನೀರು ತಂದ್ಕೊಡ್ತೀಯಾ?" ಎಂದಳು. ಆಗಲಿ ಎಂದೆ. ಅಟ್ಟದಿಂದ ಹಿತ್ತಾಳೆ ಚೊಂಬು ಇಳಿಸಿ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಾಗ ಅದರ ಹೊಟ್ಟೆಯ ತಗ್ಗು ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು.

ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮೂರ ಪಕ್ಕದ ಗುಡ್ಡದ ಬುಡದಲ್ಲಿ ಒಂದು ಬಂಡೆ ಇದೆ. ಹಿಂದಿನ ಕಾಲದ ರಾಜನೊಬ್ಬ ಅದರ ಮೇಲೆ ಅಕ್ಷರ ಕೊರೆಸಿದ್ದಾನೆ. ನಮಗ್ಯಾರಿಗೂ ಅದನ್ನು ಓದಲು ಬಾರದು. ಓದಲು ಬಾರದ್ದಕ್ಕೇ ಅಷ್ಟು ನಂಬಿದೆವೋ ಏನೋ. ಕುರಿಗೆ ರೋಗ ಬಂದರೆ ಬಂಡೆಯ ಮೇಲೆ ನೀರು ಸುರಿದು, ಕೆಳಗೆ ಚೊಂಬು ಹಿಡಿದು, ಆ ನೀರು ಕುಡಿಸುವುದು ವಾಡಿಕೆ. ಮನುಷ್ಯರಿಗೂ ಅದೇ ಮದ್ದು. ಈಗ ಕಂಬಿ ಬೇಲಿ ಹಾಕಿದ್ದಾರೆ. ಕಾವಲಿನವನು ಬೀಡಿ ಹಚ್ಚಲು ಆಚೆ ತಿರುಗಿದಾಗ ನೀರು ಹಿಡಿಯಬೇಕು. ಈ ಕೆಲಸಕ್ಕೆ ನನ್ನ ಕೈ ಒಳ್ಳೆಯದು ಎಂದು ಊರಲ್ಲಿ ಹೆಸರಿತ್ತು. ಸತ್ತ ಕುರಿಗಳು ಬಂದು ದೂರು ಹೇಳುವುದಿಲ್ಲವಲ್ಲ.

ಪಾಲಮ್ಮನ ಅವ್ವ ಬೋರಕ್ಕ ನನ್ನ ನಾದಿನಿ. ಇಬ್ಬರೂ ಗಂಡ ಸತ್ತವರು, ಮೂವತ್ತು ವರ್ಷ ಒಂದೇ ಮಂದೆಯ ಹಿಂದೆ ನಡೆದವರು. ಒಮ್ಮೆ ಚಳ್ಳಕೆರೆಯ ಮೇಷ್ಟ್ರೊಬ್ಬರು ಬಂಡೆ ನೋಡಲು ಬಂದರು. ಈ ರಾಜ ಕೈಮುಗಿದದ್ದು ಬುದ್ಧನಿಗೆ, ಹಿಮಾಲಯದಲ್ಲಿ ಬುದ್ಧನ ಮಠಗಳಿವೆ, ಒಂದರಿಂದ ಒಂದಕ್ಕೆ ಐದು ದಿನ ನಡೆಯಲು ನಾವು ಹತ್ತು ಜನ ಹೊರಟಿದ್ದೇವೆ ಎಂದರು.

"ನಡಿಯಾಕೆ ಅಷ್ಟು ದೂರ ಹೋಗ್ತೀರೇನ್ರಿ ಮೇಷ್ಟ್ರೇ?" ಎಂದಳು ಬೋರಕ್ಕ. "ನಮ್ಮ ಕುರಿ ಹಿಂದೆ ಬರ್ರಿ, ಪುಕ್ಕಟೆ ನಡೆಸ್ತೀನಿ."

ಹಾಗೆ ನಕ್ಕವಳೇ ವಾರದೊಳಗೆ ಟಗರು ಮಾರಿ ಇಬ್ಬರ ಹೆಸರನ್ನೂ ಬರೆಸಿ ಬಂದಳು.

ಲೇಹ್ ಎಂಬ ಊರಲ್ಲಿ ಎರಡು ದಿನ ಸುಮ್ಮನೆ ಕೂರಿಸಿದರು. ಅಲ್ಲಿ ಗಾಳಿ ತೆಳುವಂತೆ, ಮೈಗೆ ಒಗ್ಗಬೇಕಂತೆ. ತೆಳುವಾಗಲು ಗಾಳಿಯೇನು ಮಜ್ಜಿಗೆಯೇ ಎಂದು ನಾವಿಬ್ಬರೂ ನಕ್ಕೆವು. ದಾರಿ ತೋರಿಸುವವನು ತಲೆ ನರೆತ ಮನುಷ್ಯ, ಹೇಸರಗತ್ತೆಗಳ ಒಡೆಯ. ದಿನವೂ ಬೆಳಿಗ್ಗೆ ಒಂದೇ ಮಾತು ಹೇಳುತ್ತಿದ್ದ, ಮೇಷ್ಟ್ರು ಅದನ್ನು ಕನ್ನಡ ಮಾಡುತ್ತಿದ್ದರು: "ತಲೆನೋವು ಬಂದರೆ ಬಚ್ಚಿಡಬೇಡಿ. ಬಂದವರನ್ನು ಆಗಲೇ ಕೆಳಗೆ ಇಳಿಸಬೇಕು."

ಹಸಿರು ನೋಡುತ್ತೇವೆ ಎಂದುಕೊಂಡು ಹೋದವರಿಗೆ ಸಿಕ್ಕಿದ್ದು ಬರೀ ಕಲ್ಲು, ಧೂಳು, ಬಿಸಿಲು. ನಮ್ಮ ಮೊಳಕಾಲ್ಮುರಿನ ಬಯಲನ್ನೇ ಎತ್ತಿ ಆಕಾಶದ ಪಕ್ಕ ಇಟ್ಟ ಹಾಗೆ. ಮಠಗಳು ಬಂಡೆಗೆ ಜೇನು ಕಟ್ಟಿದಂತೆ ಅಂಟಿಕೊಂಡಿದ್ದವು. ಒಳಗೆ ಕತ್ತಲೆ, ಬೆಣ್ಣೆ ದೀಪದ ಕಮಟು ವಾಸನೆ, ಸೂರು ಮುಟ್ಟುವಷ್ಟು ದೊಡ್ಡ ಬುದ್ಧ. ಬೋರಕ್ಕ ಬಹಳ ಹೊತ್ತು ನೋಡಿ, "ಎಷ್ಟು ಸುಮ್ಕೆ ಕೂತವ್ನೆ ನೋಡು ಅತ್ತಿಗೆ. ಕುರಿ ಇಲ್ಲ ಇವನಿಗೆ," ಎಂದಳು.

ಎರಡು ದಿನ ನಾವೇ ಎಲ್ಲರಿಗಿಂತ ಮುಂದೆ ನಡೆದೆವು. ಪೇಟೆಯವರು ಏದುಸಿರು ಬಿಡುವುದನ್ನು ನೋಡಿ ಜಂಬವೂ ಬಂತು. ಮೂರನೆಯ ದಿನ ಬೆಳಿಗ್ಗೆ ಬೋರಕ್ಕ ರೊಟ್ಟಿ ಮುಟ್ಟಲಿಲ್ಲ.

"ತಲೆ ಸಿಡೀತೈತೆ. ಹೇಳಬೇಡ, ಇಳಿಸ್ತಾರೆ. ಮೇಲಿನ ಕಣಿವೆ ದಾಟಿ ಮೇಷ್ಟ್ರು ಹೇಳಿದ ದೊಡ್ಡ ಮಠ ನೋಡ್ದೆ ಹೋದ್ರೆ ಟಗರು ಮಾರಿದ್ದು ದಂಡ."

ನಾನು ಹೇಳಲಿಲ್ಲ. ಅವಳು ಬೇಡ ಎಂದದ್ದಕ್ಕಲ್ಲ. ಅವಳು ಇಳಿದರೆ ನಾನೂ ಇಳಿಯಬೇಕಿತ್ತು. ನನಗೂ ಆ ಮಠ ನೋಡಬೇಕಿತ್ತು.

ದಾರಿಯ ಬದಿಗೆ ಉದ್ದನೆಯ ಕಲ್ಲಿನ ಗೋಡೆ ಬಂತು. ಅದರ ಮೇಲೆ ಪೇರಿಸಿದ ಚಪ್ಪಟೆ ಕಲ್ಲುಗಳ ತುಂಬ ಕೊರೆದ ಅಕ್ಷರ. ನನಗೆ ಜೀವ ಬಂದಂತಾಯಿತು. ಎಲ್ಲರೂ ಮುಂದೆ ಹೋಗಲಿ ಎಂದು ಹಿಂದೆ ಉಳಿದು, ತೊರೆಯ ನೀರನ್ನು ಕಲ್ಲಿನ ಮೇಲೆ ಸುರಿದು, ಊರಿಂದ ತಂದಿದ್ದ ಇದೇ ಚೊಂಬಿಗೆ ಹಿಡಿದು ಬೋರಕ್ಕನಿಗೆ ಕುಡಿಸಿದೆ. ಬೆನ್ನಿಗೆ ಬುಟ್ಟಿ ಹೊತ್ತ ಆ ಕಡೆಯ ಹೆಂಗಸೊಬ್ಬಳು ನಿಂತು ನೋಡಿದಳು. ಬೋರಕ್ಕನ ಹಣೆ ಮುಟ್ಟಿ, ಏನೋ ಹೇಳಿ, ನಾವು ಬಂದ ದಾರಿಯತ್ತ ಕೆಳಗೆ ಕೈ ತೋರಿಸಿದಳು. ಅವಳ ಮಾತು ನನಗೆ ತಿಳಿಯಲಿಲ್ಲ. ಕೈ ತಿಳಿಯಿತು. ತಲೆಯಾಡಿಸಿ ಅವಳನ್ನು ಸಾಗಹಾಕಿದೆ.

ಸಂಜೆ ಮತ್ತೆ ಕುಡಿಸಿದೆ. ಮಾರನೆಯ ದಿನ ಕಣಿವೆಯ ಏರಿನಲ್ಲಿ ಬೋರಕ್ಕ ಕುಡಿದವಳ ಹಾಗೆ ತೂರಾಡಿ ಬಿದ್ದಳು. ಅವಳ ಕೈಗೆ ಕೊಟ್ಟಿದ್ದ ಚೊಂಬು ಕಲ್ಲಿನಿಂದ ಕಲ್ಲಿಗೆ ಉರುಳಿ ತಗ್ಗಾಯಿತು. ದಾರಿ ತೋರಿಸುವವನು ಓಡಿ ಬಂದು ಅವಳ ಕಣ್ಣು ನೋಡಿ, ಯಾವಾಗಿನಿಂದ ಎಂದು ಮೇಷ್ಟ್ರ ಮೂಲಕ ಕೇಳಿದ.

"ಈಗ ಬೆಳಿಗ್ಗೆಯಿಂದ," ಎಂದೆ.

ಅವಳನ್ನು ಹೇಸರಗತ್ತೆಯ ಮೇಲೆ ಕಟ್ಟಿ ಇಳಿಸಿದರು. ಪಕ್ಕದಲ್ಲಿ ನಾನು ಓಡುತ್ತಿದ್ದೆ. ಒಮ್ಮೆ ಕಣ್ಣು ಬಿಟ್ಟು, "ಕುರಿ ಕೂಡಿದ್ಯಾ ಅತ್ತಿಗೆ?" ಎಂದಳು. ಕೂಡಿದೆ ಎಂದೆ. ಜೀಪು ಬರುವ ಊರು ಮುಟ್ಟುವುದರೊಳಗೆ ಉಸಿರು ನಿಂತಿತ್ತು. ಅಲ್ಲಿಯೇ ಸುಟ್ಟೆವು. ಆ ನಾಡಿನಲ್ಲಿ ಸೌದೆಯೂ ಅಪರೂಪ. ಊರವರು ಮನೆ ಮನೆಯಿಂದ ಹೊತ್ತು ತಂದು ಕೊಟ್ಟರು.

ಊರಿಗೆ ಬಂದು ಪಾಲಮ್ಮನಿಗೆ ಹೇಳಿದ್ದು ಇಷ್ಟೇ: "ಒಂದೇ ಗಳಿಗೇಲಿ ಹೋದ್ಲು. ಹಣೇಬರಹ." ಅವಳು ನನ್ನನ್ನೇ ತಬ್ಬಿಕೊಂಡು ಅತ್ತಳು. ಅಂದಿನಿಂದ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ, ಅವ್ವನ ಕಡೇ ಗಳಿಗೇಲಿ ನೀನಾದ್ರೂ ಇದ್ಯಲ್ಲ ಎನ್ನುತ್ತಾಳೆ. ನಾನು ಹೂಂಗುಡುತ್ತೇನೆ. ಚೊಂಬು ಅಟ್ಟ ಸೇರಿತು. ನೀರು ಕೇಳಲು ಬಂದವರಿಗೆಲ್ಲ ಮಂಡಿನೋವು ಎಂದು ಹೇಳಿ ಕಳಿಸಿದೆ. ಪಾಲಮ್ಮ ಕೇಳಿದ್ದು ಇದೇ ಮೊದಲು. ಅವಳಿಗೆ ಮಂಡಿನೋವು ಎನ್ನಲು ಬಾಯಿ ಬರಲಿಲ್ಲ.

ಚೊಂಬು ಉಜ್ಜಿದ ಮಾರನೆಯ ಬೆಳಿಗ್ಗೆ ಬಂಡೆಯ ಕಡೆ ಹೋಗಲಿಲ್ಲ. ಮೊದಲನೆಯ ಬಸ್ಸು ಹತ್ತಿ ಕೊಂಡ್ಲಹಳ್ಳಿಯಲ್ಲಿ ಇಳಿದೆ. ಪಾಲಮ್ಮ ಕುರಿ ಕೂಡುವ ರೊಪ್ಪ ಗುಡಿಸುತ್ತಿದ್ದಳು. ಚೊಂಬು ಇಸಕೊಂಡು ಒಳಗೆ ನೋಡಿದಳು.

"ಖಾಲಿ ಐತಲ್ಲ ಅತ್ತೆ?"

"ಕುರಿ ಡಾಕ್ಟ್ರಿಗೆ ಫೋನು ಮಾಡು ಮೊದ್ಲು," ಎಂದೆ. ಅವಳು ಮಾಡಿ ಮುಗಿಸುವವರೆಗೂ ನಿಂತಿದ್ದೆ. ಆಮೇಲೆ, "ಪೊರಕೆ ಕೆಳಗಿಡು. ನಿಮ್ಮವ್ವ ಒಂದೇ ಗಳಿಗೇಲಿ ಹೋಗ್ಲಿಲ್ಲ. ತಲೆನೋವು ಸುರುವಾಗಿದ್ದು ಅವತ್ತಲ್ಲ, ಹಿಂದಿನ ದಿನ. ನನಗೆ ಗೊತ್ತಿತ್ತು," ಎಂದೆ.