ಸ್ಟೋರಿನ ಮೇಷ್ಟ್ರು ಬರೆದ ಎರಡು ಪುಟ

ಲ್ಯಾಮಿನೇಷನ್ ಮೆಷಿನ್ನಿನ ಬಿಸಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಬಡಿದಾಗ ಸ್ಟೋರಿನ ಮೇಷ್ಟ್ರು ನೆನಪಾದರು. ಕಳೆದ ವಾರ ನಮ್ಮ ಕಂಪನಿಯಲ್ಲಿ ಸಹಾನುಭೂತಿ ಕಲಿಸುವ ಎರಡು ಗಂಟೆಯ ತರಬೇತಿ ನಡೆಯಿತು. ಟೈ ಕಟ್ಟಿದ ಪಂಡಿತನೊಬ್ಬ ಬಂದು, ಇನ್ನೊಬ್ಬರ ದುಃಖ ಅರ್ಥವಾಗಲು ಐದು ಹೆಜ್ಜೆಗಳಿವೆ ಎಂದು ಪರದೆಯ ಮೇಲೆ ತೋರಿಸಿದ. ಮೂರನೆಯ ಹೆಜ್ಜೆಗೆ ಚಹಾ ಬಂತು. ಹಾಜರಾದವರಿಗೆಲ್ಲ ಸರ್ಟಿಫಿಕೇಟು. ಅವನ್ನು ಲ್ಯಾಮಿನೇಟ್ ಮಾಡುವ ಪುಣ್ಯಕಾರ್ಯ ಎಚ್‌ಆರ್ ಮ್ಯಾನೇಜರ್ ಆದ ನನ್ನದು.

ಮೇಷ್ಟ್ರು ದುಬೈನ ಅಲ್ ಕುಸೈಸಿನಲ್ಲಿದ್ದ ನಮ್ಮ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದರು. ಪುತ್ತೂರಿನ ಕಡೆಯವರು, ಇತಿಹಾಸದಲ್ಲಿ ಎಂ.ಎ. ಶಾಲೆಯಲ್ಲಿ ಪಾಠ ಹೇಳಲೆಂದೇ ದುಬೈಗೆ ಬಂದವರು. ಆದರೆ ಊರಿನಲ್ಲಿ ಅವರ ತಂದೆ, ಮಗನ ಡಿಗ್ರಿಗೆ ಗೆದ್ದಲು ಹಿಡಿಯಬಾರದೆಂದು ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ಡಿಗ್ರಿ ಅಸಲಿಯೆಂದು ಸರ್ಕಾರ ಹಾಕುವ ಅಟೆಸ್ಟೇಷನ್ ಮುದ್ರೆಯನ್ನು ಪ್ಲಾಸ್ಟಿಕ್ಕಿನ ಮೇಲೆ ಒತ್ತುವುದಿಲ್ಲ. ಮುದ್ರೆಯಿಲ್ಲದ ಡಿಗ್ರಿಗೆ ಇಲ್ಲಿ ಮೇಷ್ಟ್ರ ಕೆಲಸದ ವೀಸಾ ಸಿಗುವುದಿಲ್ಲ. ಇಸ್ತ್ರಿಪೆಟ್ಟಿಗೆಯ ಬಿಸಿಯಲ್ಲಿ ಬಿಡಿಸಲು ಹೋದರೆ ಅಕ್ಷರಗಳೂ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಬಂದವು. ಇನ್ನೊಂದು ಪ್ರತಿಗಾಗಿ ವಿಶ್ವವಿದ್ಯಾಲಯಕ್ಕೆ ಬರೆದರು. ಮಕ್ಕಳು ಬರುತ್ತಿಲ್ಲವೆಂದು ಅಲ್ಲಿ ಇತಿಹಾಸ ವಿಭಾಗಕ್ಕೇ ಬೀಗ ಹಾಕುವ ಮಾತು ನಡೆದಿತ್ತಂತೆ. ಉತ್ತರ ಬರಲಿಲ್ಲ…

ನಾನು ನಕ್ಕಿದ್ದೆ. "ಬಿಡಿ ಮೇಷ್ಟ್ರೇ, ಎಂ.ಬಿ.ಎ. ಹಾಳಾಗಿದ್ರೆ ಅಳಬಹುದಿತ್ತು. ಇದು ಹಿಸ್ಟರಿ ತಾನೆ?"

ಮಿರ್ದಿಫ್ ಬಡಾವಣೆಯ ನಮ್ಮ ಕನ್ನಡ ಕುಟುಂಬಗಳಲ್ಲಿ ಯಾರದಾದರೂ ಮಗ ಆರ್ಟ್ಸ್ ಓದುತ್ತಾನೆಂದರೆ, ಮನೆಯಲ್ಲಿ ಕೆಟ್ಟ ಕಾಯಿಲೆ ಇದೆಯೇನೋ ಎಂಬಂತೆ ದನಿ ತಗ್ಗಿಸಿ ಹೇಳುತ್ತಿದ್ದರು. ರಾಜ್ಯೋತ್ಸವ ಬಂದಾಗ ಮಾತ್ರ ಭಾಷಣ ಬರೆಯಲು ಮೇಷ್ಟ್ರೇ ಬೇಕು! ಅವರು ಬರೆದದ್ದನ್ನು ನಾವು ಎದೆ ತಟ್ಟಿಕೊಂಡು ಓದುತ್ತಿದ್ದೆವು. ಅವರಿಗೆ ಕೊನೆಯ ಸಾಲಿನ ಕುರ್ಚಿ. ನಾಚಿಕೆಗೆಟ್ಟ ಜನ ನಾವು.

ಒಮ್ಮೆ ನಮ್ಮ ಕಂಪನಿಯಲ್ಲಿದ್ದ ಹಾವೇರಿ ಕಡೆಯ ಎಲೆಕ್ಟ್ರಿಷಿಯನ್ ಒಬ್ಬ ಹೃದಯ ನಿಂತು ತೀರಿಕೊಂಡ. ಅವನ ತಾಯಿಗೆ ಕಳಿಸಲು ನನ್ನ ಬಳಿ ಸಿದ್ಧ ನಮೂನೆಯಿತ್ತು. ಹೆಸರು, ಪಾಸ್‌ಪೋರ್ಟ್ ನಂಬರ್ ತುಂಬಿದರೆ ಮುಗಿಯಿತು. ಮೇಷ್ಟ್ರು ಅವನ ರೂಮಿನವರ ಜೊತೆ ಒಂದು ಸಂಜೆಯೆಲ್ಲ ಕೂತು, ಕೇಳಿ ಕೇಳಿ, ಕನ್ನಡದಲ್ಲಿ ಎರಡು ಪುಟ ಬರೆದು ತಂದರು.

"ಇದನ್ನೂ ಅದರೊಟ್ಟಿಗೆ ಹಾಕಿ ಮಾರಾಯ್ರೆ. ನಿಮ್ಮ ಕಾಗದದಲ್ಲಿ ವೀಸಾ ಕ್ಯಾನ್ಸಲ್ ಆದ ಸುದ್ದಿ ಉಂಟು. ಆ ಅಮ್ಮನಿಗೆ ಮಗನ ಸುದ್ದಿ ಬೇಡವಾ?"

"ಫಾರ್ಮ್ಯಾಟಲ್ಲಿ ಇಲ್ಲ ಮೇಷ್ಟ್ರೇ, ಖಲಾಸ್" ಎಂದೆ. ಪುಟಗಳನ್ನು ಓದದೆ ಫೈಲಿಗೆ ತುರುಕಿದೆ.

ತಿಂಗಳಾದ ಮೇಲೆ ಆ ತಾಯಿಯ ಫೋನ್ ಬಂತು. ಇನ್ನಾವ ಕಾಗದ ಕೇಳುತ್ತಾಳೋ ಎಂದು ಸಿಡುಕಿನಿಂದಲೇ ಎತ್ತಿದೆ. ಆಕೆ ಕೇಳಿದ್ದು ಒಂದೇ ಮಾತು. "ಯಪ್ಪಾ, ಅವತ್ತ ನನ್ನ ಮಗ ಉಂಡಿದ್ನೇನ್ರೀ?"

ಚೆಕ್ ಮಾಡಿ ತಿಳಿಸುತ್ತೇನೆ ಎಂದೆ. ತಿಳಿಸಲಿಲ್ಲ…

ಮೇಷ್ಟ್ರು ಊರಿಗೆ ಹೋಗಿ ಎರಡು ವರ್ಷಕ್ಕೆ ತೀರಿಕೊಂಡರು. ಆ ಸುದ್ದಿ ಕೇಳಿದ ದಿನ ನನಗೆ ಏನೂ ಅನ್ನಿಸಿರಲಿಲ್ಲ. ಕಳೆದ ವಾರ ಮಾತ್ರ ಲ್ಯಾಮಿನೇಷನ್ ಅರ್ಧಕ್ಕೇ ಬಿಟ್ಟು ಹಳೆಯ ಕಾಗದಗಳ ಕಪಾಟಿನತ್ತ ನಡೆದೆ. ಹಳೆಯ ಫೈಲು ಹುಡುಕಿ ತೆಗೆದೆ. ಎರಡು ಪುಟಗಳೂ ಹಾಗೇ ಇದ್ದವು.

"ತಾಯಿ, ನಿಮ್ಮ ಮಗ ಆ ದಿನ ಹೊಟ್ಟೆ ತುಂಬ ಉಂಡಿದ್ದ. ನೀವು ಕಳಿಸಿದ್ದ ಶೇಂಗಾ ಚಟ್ನಿಪುಡಿಯಲ್ಲಿ ಉಳಿದಿದ್ದಷ್ಟನ್ನೂ ರೂಮಿನ ನಾಲ್ವರಿಗೆ ಹಂಚಿದ್ದ…" ಮೊದಲ ಸಾಲುಗಳೇ ಅವು.

ಫೈಲಿನಲ್ಲಿದ್ದ ನಂಬರಿಗೆ ಫೋನ್ ಮಾಡಿ, ದುಬೈನಿಂದ ಎಂದೆ. ಹುಡುಗಿಯೊಬ್ಬಳ ದನಿ ಕೇಳಿತು.

"ಅಜ್ಜಿ ಹೋಗಿ ಮೂರು ವರ್ಷ ಆತ್ರೀ. ನಾನು ಮೊಮ್ಮಗಳು." ಆಮೇಲೆ ಕೇಳಿದಳು, "ಅಪ್ಪನ ಸುದ್ದಿ ಏನರ ಐತೇನ್ರೀ?"

ಐದು ಹೆಜ್ಜೆಗಳಲ್ಲಿ ಒಂದೂ ನೆನಪಾಗಲಿಲ್ಲ. ಐತವ್ವಾ ಎಂದು, ಮೇಷ್ಟ್ರು ಬರೆದದ್ದನ್ನು ಮೊದಲಿನಿಂದ ಓದತೊಡಗಿದೆ.